ಕರೆಂಟ್ ಹೋದರೂ ರಿಂಗಾಗುತ್ತಿದ್ದ ಫೋನು

ಕಲಬುರಗಿಯ ನೆಹರು ಗಂಜಿನಲ್ಲಿ ನಮ್ಮ ಕಾಕಾನದೊಂದು ಅಡತ್ ಅಂಗಡಿ. ತೊಗರಿ ಸುಗ್ಗಿ ಬಂತೆಂದರೆ ಗಲ್ಲಾದ ಪಕ್ಕದ ಫೋನಿಗೆ ಪುರಸೊತ್ತಿಲ್ಲ. ಲಾತೂರು, ಸೋಲಾಪುರ, ಹೈದರಾಬಾದಿನ ಖರೀದಿದಾರರಿಗೆಲ್ಲ 08472ರಿಂದ ಶುರುವಾಗುವ ಆ ನಂಬರ್ ಬಾಯಿಪಾಠ. ಆದರೆ ಮಳೆ ಬಂದರೆ ಲೈನಿನಲ್ಲಿ ಗರ್ ಗರ್ ಸದ್ದು, ರಸ್ತೆ ಅಗೆದರೆ ವಾರಗಟ್ಟಲೆ ಫೋನ್ ಬಂದ್. ಬೇಸತ್ತ ಕಾಕಾ ಹೋದ ವರ್ಷ ತಾಮ್ರದ ಲೈನ್ ಬಿಟ್ಟು ಫೈಬರ್ ಹಾಕಿಸಿದರು. ಕಂಪನಿ ಅದೇ ಆದ್ದರಿಂದ ನಂಬರ್ ಉಳಿಯಿತು, ಹಳೆಯ ಫೋನೂ ಉಳಿಯಿತು. ಮೂರನೇ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಕಾಕಾ ರಿಸೀವರ್ ಎತ್ತಿ ಕಿವಿಗೆ ಹಿಡಿದರು.

"ಏನೂ ಕೇಳಸ್ಲತಿಲ್ಲ ನೋಡು. ಕರೆಂಟ್ ಹೋದ್ರ ಫೋನ್ ಯಾಕ್ ಬಂದ್ ಆಗ್ಬೇಕು? ಮೂವತ್ ವರ್ಷದಾಗ ಹಿಂಗ ಆಗಿದ್ದಿಲ್ಲ."

ಅವರ ಪ್ರಶ್ನೆಗೆ ನಾನು ಅವತ್ತು ಅವಸರದಲ್ಲಿ ಅರ್ಧ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಇಲ್ಲಿದೆ.

ಹಳೆಯ ಲ್ಯಾಂಡ್‌ಲೈನಿನ ಎರಡೆಳೆ ತಂತಿಯಲ್ಲಿ ಮಾತಿನ ಜೊತೆಗೆ ಫೋನಿಗೆ ಬೇಕಾದ ಕರೆಂಟೂ ಬರುತ್ತಿತ್ತು. ಊರಿನ ಲೈನುಗಳೆಲ್ಲ ಬಂದು ಸೇರುವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಾಲಾಗಿ ಇಟ್ಟ ಬ್ಯಾಟರಿಗಳು ಸದಾ 48 ವೋಲ್ಟ್ ಒತ್ತಡವನ್ನು ಆ ತಂತಿಗೆ ಕೊಡುತ್ತವೆ. ರಿಸೀವರ್ ಇಟ್ಟಿದ್ದಾಗ ಕರೆಂಟ್ ಹರಿಯುವ ಮಂಡಲ ಮುರಿದಿರುತ್ತದೆ. ಎತ್ತಿದ ಕೂಡಲೇ ಅದು ಕೂಡಿಕೊಂಡು ಹತ್ತಾರು ಮಿಲಿಆಂಪಿಯರ್ ಕರೆಂಟ್ ಹರಿಯುತ್ತದೆ. ಯಾರೋ ಫೋನ್ ಎತ್ತಿದರು ಎಂದು ಎಕ್ಸ್‌ಚೇಂಜಿಗೆ ಗೊತ್ತಾಗುವುದು ಅದರಿಂದಲೇ. ಗಂಟೆ ಬಾರಿಸಲು ಇದರ ಮೇಲೆ ಇನ್ನೂ ಜೋರಾದ ಎಸಿ ಕರೆಂಟ್ ಬರುತ್ತದೆ. ಚಿಕ್ಕಂದಿನಲ್ಲಿ ನಾನೊಮ್ಮೆ ಬಿಚ್ಚಿದ ಡಬ್ಬಿಯ ತಂತಿ ಹಿಡಿದಿದ್ದಾಗಲೇ ಕಾಲ್ ಬಂದು, ಮೊಣಕೈವರೆಗೆ ಜುಮ್ಮೆಂದಿತ್ತು. ಊರಿಗೆ ಊರೇ ಕತ್ತಲಾದರೂ ಎಕ್ಸ್‌ಚೇಂಜಿನ ಬ್ಯಾಟರಿ, ಅದರ ಹಿಂದೆ ಜನರೇಟರು. ಅಂಗಡಿಯವನು ಆ ಚಿಂತೆ ಮಾಡುವ ಪ್ರಮೇಯವೇ ಇರಲಿಲ್ಲ.

ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ನೀರು ನಿಂತರೂ ಗರ್ ಎನ್ನದಿರುವುದು ಈ ಕಾರಣಕ್ಕೇ. ಎಕ್ಸ್‌ಚೇಂಜಿನಿಂದ ಅಂಗಡಿಯವರೆಗಿನ ದಾರಿಯಲ್ಲಿ ಬೆಳಕನ್ನು ಹಂಚುವ ಪೆಟ್ಟಿಗೆಗಳಿಗೂ ಸಾಮಾನ್ಯವಾಗಿ ಕರೆಂಟ್ ಬೇಕಿಲ್ಲ. ಬೇಕಾಗುವುದು ಎರಡು ತುದಿಗಳಿಗೆ ಮಾತ್ರ. ಆ ತುದಿಯನ್ನು ಕಂಪನಿ ನೋಡಿಕೊಳ್ಳುತ್ತದೆ. ಈ ತುದಿ, ಅಂದರೆ ಎಲ್ಲರೂ ಮೋಡೆಮ್ ಎಂದು ಕರೆಯುವ ಆ ಬಿಳಿ ಡಬ್ಬಿ, ಈಗ ಅಂಗಡಿಯವನ ಪಾಲಿಗೆ ಬಂದಿದೆ.

ಡಬ್ಬಿಯೊಳಗೆ ನಡೆಯುವ ಕೆಲಸ ಸಣ್ಣದಲ್ಲ. ಅದು ಮಾತನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳ ಅಂಕಿಯಾಗಿ ಬರೆಯುತ್ತದೆ. ಹೀಗೆ ಸೆಕೆಂಡಿಗೆ 64,000 ಬಿಟ್. ಅದನ್ನು 20 ಮಿಲಿಸೆಕೆಂಡಿಗೊಂದರಂತೆ ಪೊಟ್ಟಣ ಕಟ್ಟಿ, ಮೇಲೆ ವಿಳಾಸ ಹಚ್ಚಿ ಕಳಿಸುತ್ತದೆ. ಸೆಕೆಂಡಿಗೆ 50 ಪೊಟ್ಟಣ. ವಿಳಾಸದ ಭಾರವೂ ಸೇರಿ ಒಂದು ಕರೆಗೆ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 90 ಕಿಲೋಬಿಟ್ ಸಾಕು. ನಾಲ್ಕು ಕರೆ ಒಟ್ಟಿಗೆ ನಡೆದರೂ ಈಗಿನ ಫೈಬರಿಗೆ ಅದು ಲೆಕ್ಕಕ್ಕಿಲ್ಲ. 1974ರಲ್ಲೇ ಇಂಟರ್ನೆಟ್ಟಿಗೆ ಪೂರ್ವಜವಾದ ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಕಂಪ್ಯೂಟರ್ ವಿಜ್ಞಾನಿ ಡ್ಯಾನಿ ಕೊಹೆನ್ ಮತ್ತು ಸಂಗಡಿಗರು ಮಾತನ್ನು ಹೀಗೆ ಪೊಟ್ಟಣ ಕಟ್ಟಿ ಕಳಿಸಿ ತೋರಿಸಿದ್ದರು.

ಹಾಗಿದ್ದರೆ ಮಾತು ತುಂಡಾಗುವುದೇಕೆ? ಕಾಕಾ, ಅಂಗಡಿಯ ಲೆಕ್ಕ ಬರೆಯುವ ಮುನೀಮರ ಮೊಬೈಲಿಗೂ ಒಂದು ಆ್ಯಪ್ ಹಾಕಿಸಿದ್ದರು. ಅಂಗಡಿಯ ವೈಫೈ ಮೇಲೆ ಅದು ಎರಡನೇ ಫೋನಿನಂತೆ ಕೆಲಸ ಮಾಡುತ್ತದೆ, ಒಳ್ಳೆಯ ಅನುಕೂಲ. ಒಂದು ದಿನ ಮುನೀಮರು "ಏಳು ಸಾವಿರದ ಆರನೂರು" ಎಂದರೆ ಆ ಕಡೆಯವರಿಗೆ ಕೇಳಿದ್ದು "ಏಳು ಸಾವಿರದ... ನೂರು". ನಡುವಿನ "ಆರ" ಎಂಬಷ್ಟು ದನಿ ಎಂಟ್ಹತ್ತು ಪೊಟ್ಟಣಗಳಲ್ಲಿತ್ತು, ಅಷ್ಟೂ ದಾರಿಯಲ್ಲಿ ಉಳಿದವು. ಒಂದೆರಡು ಕಳೆದರೆ ಯಂತ್ರವೇ ಹಿಂದಿನ ದನಿಯನ್ನು ಎಳೆದು ತೇಪೆ ಹಾಕುತ್ತದೆ, ಕಿವಿಗೆ ಗೊತ್ತಾಗುವುದಿಲ್ಲ. ಹತ್ತು ಹೋದರೆ ಕ್ವಿಂಟಲ್ ಭಾವವೇ ಹೋಯಿತು. ಕಳೆದದ್ದನ್ನು ಮತ್ತೆ ಕಳಿಸಿ ಎಂದು ಕೇಳುವಂತೆಯೂ ಇಲ್ಲ. ಫೋಟೋ ಎರಡು ಸೆಕೆಂಡ್ ತಡವಾಗಿ ಬಂದರೆ ನಡೆಯುತ್ತದೆ, ಮಾತು ತಡವಾಗಿ ಬಂದರೆ ಅದಕ್ಕೆ ಜಾಗವಿರುವುದಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ಒಳಗೆ ತಲುಪಬೇಕು ಎನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಅದನ್ನು ತೀರಾ ಮೀರಿದರೆ ಇಬ್ಬರೂ ಒಟ್ಟಿಗೇ ಮಾತಾಡಿ, ಒಟ್ಟಿಗೇ ಸುಮ್ಮನಾಗುತ್ತಾರೆ.

ತಡೆದದ್ದು ಯಾರೆಂದು ಹುಡುಕಿದರೆ ಗೋದಾಮಿನ ಸಿಸಿಟಿವಿ. ಅದು ಹಗಲೂ ರಾತ್ರಿ ವಿಡಿಯೋವನ್ನು ಇಂಟರ್ನೆಟ್ಟಿಗೆ ಕಳಿಸುತ್ತಿತ್ತು, ಪುಟ್ಟ ಮಾತಿನ ಪೊಟ್ಟಣಗಳು ಅದರ ಹಿಂದೆ ಸರದಿಯಲ್ಲಿ ನಿಂತಿದ್ದವು. ಡಬ್ಬಿಯ ಸೆಟ್ಟಿಂಗಿನಲ್ಲಿ ಮಾತಿಗೆ ಮೊದಲ ಸರದಿ ಕೊಟ್ಟೆವು, ಕ್ಯಾಮೆರಾದ ವೇಗಕ್ಕೆ ಮಿತಿ ಹಾಕಿದೆವು. ಅಲ್ಲಿಗೆ ಅದು ಬಗೆಹರಿಯಿತು.

ಕರೆಂಟಿನದು ಅಷ್ಟು ಸುಲಭವಲ್ಲ, ನಮ್ಮ ಸೀಮೆಯಲ್ಲಂತೂ ಅಲ್ಲ. ಲೆಕ್ಕ ಸರಳ: ಡಬ್ಬಿಗೆ ಹೆಚ್ಚೆಂದರೆ 15 ವ್ಯಾಟ್ ಬೇಕು. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ನಷ್ಟ ಕಳೆದರೂ ಹೊಸದರಲ್ಲಿ ನಾಲ್ಕು ತಾಸು ಬರಬೇಕು. ಕಾಕಾ ಅಂಥ ಬ್ಯಾಟರಿ ಇರುವ ಯುಪಿಎಸ್ ತಂದು ಅಟ್ಟದ ಮೇಲೆ, ತಗಡಿನ ಕೆಳಗೆ ಇಟ್ಟರು. ಮೇ ತಿಂಗಳು ಕಳೆಯುವಷ್ಟರಲ್ಲಿ ಅದು ಅರ್ಧ ತಾಸಿಗೆ ಕೈಕೊಟ್ಟಿತು. ಸೀಸ-ಆಮ್ಲದ ಬ್ಯಾಟರಿಯ ಆಯುಷ್ಯವನ್ನು 25 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿರುತ್ತಾರೆ. ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಐದು ವರ್ಷ ಬಾಳಬೇಕಾದದ್ದು ಸದಾ 45 ಡಿಗ್ರಿಯಲ್ಲಿದ್ದರೆ ಒಂದೂಕಾಲು ವರ್ಷ. ಕಲಬುರಗಿಯ ಬ್ಯಾಸಗಿಯಲ್ಲಿ ನೆರಳೇ 40 ದಾಟುತ್ತದೆ. ತಗಡಿನ ಕೆಳಗಿನ ಕಾವು ಕೇಳಲೇಬೇಡಿ.

ನಮ್ಮ ದೇಶದ ಎಂಜಿನಿಯರುಗಳು ಈ ಬಿಸಿಲನ್ನು ಹಿಂದೆಯೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು ಎಂಬುದು ನನಗೆ ಹೆಮ್ಮೆಯ ವಿಷಯ. 1984ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದು 128 ಪೋರ್ಟಿನ ಪುಟ್ಟ ಎಕ್ಸ್‌ಚೇಂಜ್ ಕಟ್ಟಿತು. ಅದು ಏರ್ ಕಂಡೀಷನರ್ ಇಲ್ಲದ ಸಾದಾ ಕೋಣೆಯಲ್ಲೇ ನಡೆಯುತ್ತಿತ್ತು. ಅಂಥದ್ದರಲ್ಲಿ ಮೊದಲನೆಯದು 1986ರಲ್ಲಿ ಬಂದದ್ದು ನಮ್ಮ ಕಿತ್ತೂರಿಗೆ.

ಎಕ್ಸ್‌ಚೇಂಜಿನ ಒಂದು ಪಾಲು ಈಗ ನಮ್ಮ ಅಂಗಡಿಯೊಳಗೇ ಇದೆಯಲ್ಲ, ಅದಕ್ಕೂ ಅಂಥದ್ದೇ ಜಾಗ ಬೇಕು. ಹೊಸ ಬ್ಯಾಟರಿ ಹಾಕಿಸಿ ಯುಪಿಎಸ್ಸನ್ನು ಒಳಕೋಣೆಯ ಶಹಾಬಾದಿ ಫರ್ಸಿಯ ಮೇಲೆ, ಗಾಳಿ ಆಡುವಂತೆ ಇಟ್ಟೆವು. ಮೇನ್ ಸ್ವಿಚ್ ಆರಿಸಿ ನಾನು ಹೊರಗೆ ನಿಂತು ಮೊಬೈಲಿಂದ ಅಂಗಡಿಗೆ ಕಾಲ್ ಮಾಡಿದೆ. ರಿಂಗಾಯಿತು. ಅರ್ಧ ತಾಸಿಗೊಮ್ಮೆ ಮಾಡುತ್ತ ಹೋದೆ. ನಾಲ್ಕು ತಾಸಾದರೂ ರಿಂಗಾಗುತ್ತಲೇ ಇತ್ತು. "ಸಾಕು ಬಾರೋ ತಮ್ಮಾ, ಊಟಾ ಮಾಡು" ಎಂದ ಕಾಕಾ, ಚೀಲಕ್ಕೆ ಗುರುತು ಹಾಕುವ ಕಪ್ಪು ಬಣ್ಣದಲ್ಲಿ ಬ್ಯಾಟರಿ ಮೇಲೆ ತಾರೀಕು ಬರೆದರು. ಈಗ ಪ್ರತಿ ಅಮಾವಾಸ್ಯೆ, ತಕ್ಕಡಿ ಪೂಜೆ ಮುಗಿದ ಮೇಲೆ, ಮುನೀಮರು ಒಮ್ಮೆ ಮೇನ್ ಆರಿಸಿ ನೋಡುತ್ತಾರೆ.