ಅಂಕ ಕಡಿಮೆ ಬಂದರೆ ಮಕ್ಕಳಿಗೆ ನೆಮ್ಮದಿ ಇಲ್ಲ ಅಂತಲೇ?

ಪ್ರಶ್ನೆ: ನಾನು ಪಿಯು ಕಾಲೇಜಿನ ಉಪನ್ಯಾಸಕಿ. ವಿದ್ಯಾರ್ಥಿಗಳ ಮಾನಸಿಕ ನೆಮ್ಮದಿ ತಿಳಿಯಲು ರಿಫ್ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಕೊಟ್ಟೆವು. ಸ್ವಾತಂತ್ರ್ಯದ ವಿಭಾಗದಲ್ಲಿ ಅಂಕ ತುಂಬಾ ಕಡಿಮೆ ಬಂದಿದೆ. ಗಾಬರಿಪಡಬೇಕೇ?

ಉತ್ತರ: ಬರೀ ಅಂಕ ನೋಡಿ ಗಾಬರಿಯಾಗಬೇಡಿ ಮೇಡಂ. ಆದರೆ ಸುಮ್ನೆ ಬಿಟ್ಟುಬಿಡಲೂ ಬೇಡಿ.

ಅಮೆರಿಕದ ಮನೋವಿಜ್ಞಾನಿ ಕ್ಯಾರಲ್ ರಿಫ್ 1989ರಲ್ಲಿ ಪ್ರಕಟಿಸಿದ ಈ ಅಳತೆಯಲ್ಲಿ ಆರು ವಿಭಾಗಗಳಿವೆ. ಅದರಲ್ಲೊಂದು ನೀವು ಹೇಳಿದ ಸ್ವಾತಂತ್ರ್ಯ, ಅಂದರೆ ಬೇರೆಯವರ ಒತ್ತಡಕ್ಕೆ ಮಣಿಯದೆ ಸ್ವಂತ ನಿರ್ಧಾರ ತೆಗೆದುಕೊಳ್ಳುವುದು. ತೊಡಕು ಇರುವುದೇ ಇಲ್ಲಿ. ಗಟ್ಟಿ ಅಭಿಪ್ರಾಯ ಇರುವವರ ಮಾತು ನನ್ನ ಮೇಲೆ ಪ್ರಭಾವ ಬೀರುತ್ತದೆ ಎಂಬ ಅರ್ಥದ ವಾಕ್ಯಕ್ಕೆ ಹೌದು ಎಂದರೆ ಅಂಕ ಇಳಿಯುತ್ತದೆ. ನರ್ಸಿಂಗ್ ಸೇರಬೇಕೆಂದಿರುವ ಹುಡುಗಿ ಅರ್ಜಿ ಹಾಕುವ ಮೊದಲು ಅಪ್ಪ, ಸೋದರಮಾವನನ್ನು ಕೇಳುತ್ತಾಳೆ. ಅವರು ಜೊತೆಗಿದ್ದಾರೆ ಅನ್ನೋದೇ ಅವಳಿಗೆ ಧೈರ್ಯ. ಅವಳೂ ಹೌದು ಅಂತಾಳೆ. ಮನೆಯವರ ಬಲವಂತಕ್ಕೆ ಸೈನ್ಸ್ ತಗೊಂಡು ರಾತ್ರಿ ನಿದ್ದೆಗೆಟ್ಟವಳೂ ಹೌದು ಅಂತಾಳೆ. ಇಬ್ಬರಿಗೂ ಒಂದೇ ಅಂಕ! ನಿಮ್ಮ ನೆರವು ಬೇಕಿರುವುದು ಎರಡನೆಯವಳಿಗೆ.

ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಒಪ್ಪುವುದೇ ಇಲ್ಲ ಎಂಬವರೆಗಿನ ಉತ್ತರಗಳಲ್ಲಿ ಎಲ್ಲಿ ಗುರುತು ಹಾಕುತ್ತಾರೆ ಎಂಬ ರೂಢಿಯೂ ಊರಿಂದೂರಿಗೆ ಬೇರೆ. ಜಪಾನ್, ತೈವಾನ್, ಅಮೆರಿಕ, ಕೆನಡಾದ ಹೈಸ್ಕೂಲ್ ವಿದ್ಯಾರ್ಥಿಗಳನ್ನು ಹೋಲಿಸಿದ 1995ರ ಅಧ್ಯಯನದಲ್ಲಿ, ಜಪಾನ್ ಮತ್ತು ತೈವಾನಿನ ಮಕ್ಕಳು ನಡುವಿನ ಉತ್ತರವನ್ನೇ ಜಾಸ್ತಿ ಆರಿಸಿದ್ದರು. ಅಮೆರಿಕದವರು ಎರಡು ತುದಿಗಳನ್ನು ಹೆಚ್ಚು ಬಳಸಿದ್ದರು. ಹಾಗಾಗಿ ಅಮೆರಿಕದ ಸರಾಸರಿಯನ್ನು ಪಕ್ಕದಲ್ಲಿಟ್ಟು ನಮ್ಮ ಮಕ್ಕಳನ್ನು ತೂಗುವುದು ಅನ್ಯಾಯ.

ಜಪಾನಿನ ಸಂಶೋಧಕರಾದ ಹಿಟೊಕೊಟೊ ಮತ್ತು ಉಚಿದಾ 2015ರಲ್ಲಿ ಒಂಬತ್ತು ವಾಕ್ಯಗಳ ಬೇರೆಯದೇ ಅಳತೆ ಪ್ರಕಟಿಸಿದರು. ನಾನೂ ನನ್ನ ಸುತ್ತಲಿನವರೂ ಖುಷಿಯಾಗಿದ್ದೇವೆಯೇ ಎಂದು ಅದು ಕೇಳುತ್ತದೆ. ನನಗೆ ಬಹಳ ಹಿಡಿಸಿದ ದಾರಿ ಇದು. ಆದರೆ ಅದನ್ನೂ ಹಾಗೇ ಎತ್ತಿಕೊಂಡು ಬಂದರೆ ಅದೇ ತೊಂದರೆ, ಅಲ್ವಾ?

ಮೊದಲು ಏಳೆಂಟು ವಿದ್ಯಾರ್ಥಿಗಳ ಜೊತೆ ಒಬ್ಬೊಬ್ಬರಾಗಿ ಕೂತು, ಪ್ರತಿ ವಾಕ್ಯಕ್ಕೂ ಯಾಕೆ ಆ ಗುರುತು ಹಾಕಿದೆ ಎಂದು ಬಾಯಿಬಿಟ್ಟು ಹೇಳಿಸಿ. ಪ್ರಶ್ನೆ ಎಲ್ಲಿ ತಪ್ಪಾಗಿ ತಲುಪಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ವರ್ಷದ ಆರಂಭದಲ್ಲಿ ಮತ್ತು ಪರೀಕ್ಷೆ ಹತ್ತಿರ ಬಂದಾಗ ಅದೇ ಮಕ್ಕಳಿಗೆ ಮತ್ತೆ ಕೊಟ್ಟು ಹೋಲಿಸಿ. ಮಾತಾಡುವಾಗ ಯಾರಾದರೂ ಕುಗ್ಗಿರುವುದು ಕಂಡರೆ ಅಂಕಕ್ಕೆ ಕಾಯಬೇಡಿ, ಆಪ್ತಸಮಾಲೋಚಕರ ಬಳಿ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ.