ಡಬ್ಬಿ ಒಂದೇ, ತೂಕ ಬೇರೆ

ನಮ್ಮ ಆಳಂದ ಕಡೆ ದನಕ್ಕೆ ದಾಣಿ ಹಾಕುವುದೆಂದರೆ ಡಬ್ಬಿ ಲೆಕ್ಕ. ನಮ್ಮನೆಯಲ್ಲೂ ಒಂದು ಲೀಟರ್ ಹಿಡಿಯುವ ತಗಡಿನ ಡಬ್ಬಿ ಇದೆ. ಎಮ್ಮೆಗೆ ಒಂದು ಹೊತ್ತಿಗೆ ಜೋಳದ ನುಚ್ಚು ಎರಡು ಡಬ್ಬಿ, ಪುಡಿ ಮಾಡಿದ ಶೇಂಗಾ ಹಿಂಡಿ ಒಂದು, ಗೋಧಿ ಬೂಸಾ ಒಂದು.

ಒಂದು ವರ್ಷ ಹಿಂಡಿ ರೇಟು ಏರಿತು. ಅವ್ವ ಹಿಂಡಿ ಬಿಟ್ಟು, ಅದರ ಬದಲಿಗೆ ಇನ್ನೂ ಎರಡು ಡಬ್ಬಿ ಬೂಸಾ ಹಾಕತೊಡಗಿದಳು. ಒಂದಕ್ಕೆ ಎರಡು ಕೊಟ್ಟರೆ ಕಮ್ಮಿ ಹೇಗಾದೀತು ಅಲ್ವಾ? ಆದರೆ ಕೆಲವೇ ದಿನಗಳಲ್ಲಿ ಹಾಲು ಇಳಿಯಿತು. "ಡಬ್ಬಿ ಅದೇ ಅದ, ಎಮ್ಮಿನೂ ಅದೇ ಅದ. ಹಾಲ್ಯಾಕ ಕಮ್ಮಿ ಆಗ್ಯಾದ?" ಎಂದು ಕೇಳಿದಳು. ಉತ್ತರ ಸಿಕ್ಕಿದ್ದು ಕಿರಾಣಿ ಅಂಗಡಿಯ ಕಾಂಟಾ ಮೇಲೆ.

ಅದೇ ಡಬ್ಬಿಗೆ ಒಂದೊಂದನ್ನೇ ಸಮ ಮಟ್ಟಕ್ಕೆ ತುಂಬಿ ತೂಗಿದೆ. ಬೂಸಾ 230 ಗ್ರಾಂ. ಹಿಂಡಿ ಪುಡಿ 600. ಜೋಳದ ನುಚ್ಚು 640. ಉಪ್ಪು 1 ಕಿಲೋ 200 ಗ್ರಾಂ! ಬೂಸಾ ಅಂದರೆ ಗೋಧಿಯ ಸಿಪ್ಪೆಯ ತೆಳು ಚೂರು. ಚೂರುಗಳು ಅಡ್ಡಾದಿಡ್ಡಿ ಕೂರುತ್ತವೆ, ನಡುವೆ ಗಾಳಿ ತುಂಬಿರುತ್ತದೆ. ಅಂದರೆ ಡಬ್ಬಿಯಲ್ಲಿ ನಾವು ಅಳೆಯುತ್ತಿದ್ದದ್ದು ಮುಕ್ಕಾಲು ಪಾಲು ಗಾಳಿಯನ್ನೇ.

ಈಗ ಅವ್ವನ ಅದಲುಬದಲು ಲೆಕ್ಕ ಹಾಕಿ. ಶೇಂಗಾ ಹಿಂಡಿಯಲ್ಲಿ ನೂರಕ್ಕೆ ಸುಮಾರು 40 ಪಾಲು ಪ್ರೋಟೀನ್. ಒಂದು ಡಬ್ಬಿಗೆ 240 ಗ್ರಾಂ ಆಯಿತು. ಬೂಸಾದಲ್ಲಿ ಸುಮಾರು 15 ಪಾಲು. ಎರಡು ಡಬ್ಬಿ ಹಾಕಿದರೂ 460 ಗ್ರಾಂ ಬೂಸಾ, ಅದರಲ್ಲಿ 69 ಗ್ರಾಂ ಪ್ರೋಟೀನ್. ಎರಡು ಪಟ್ಟು ಹಾಕಿದೆವು ಅಂದುಕೊಂಡಲ್ಲಿ ಎಮ್ಮೆಗೆ ಸಿಕ್ಕಿದ್ದು ಮೂರರಲ್ಲಿ ಒಂದು ಪಾಲಿಗಿಂತ ಕಮ್ಮಿ. ಹಾಲು ಇಳಿಯದೆ ಇನ್ನೇನು?

ಒಂದೇ ಹಿಟ್ಟನ್ನು ಅಳೆಯುವಾಗಲೂ ಡಬ್ಬಿ ನಂಬುವ ಹಾಗಿಲ್ಲ. ತುಂಬಿದ ಡಬ್ಬಿಯನ್ನು ನೆಲಕ್ಕೆ ಮೂರು ಸಲ ಕುಟ್ಟಿ ನೋಡಿ, ಹಿಟ್ಟು ಎರಡು ಬೆರಳು ಕೆಳಗಿಳಿಯುತ್ತದೆ. ಗಿರಣಿಯವರು ಈ ಸಲ ನುಣ್ಣಗೆ ಬೀಸಿದರೆ ಡಬ್ಬಿಯ ತೂಕ ಮತ್ತೆ ಬದಲು. ಬೀಸುವ ವಿಷಯದಲ್ಲಿ ಇನ್ನೊಂದು ಮಾತು: ದನಕ್ಕೆ ರವೆಯಂಥ ನುಚ್ಚೇ ಸರಿ. ಇಡೀ ಜೋಳ ಹಾಕಿದರೆ ಎಷ್ಟೋ ಕಾಳು ಹಾಗೇ ಸೆಗಣಿಯಲ್ಲಿ ಬರುತ್ತದೆ. ನುಣ್ಣನೆ ಹಿಟ್ಟು ಜಾಸ್ತಿಯಾದರೆ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದನ್ನು ಗಬಗಬನೆ ಹುಳಿಸಿಬಿಡುತ್ತವೆ, ಆಮ್ಲ ಏರಿ ದನ ಮೇವು ಬಿಡುತ್ತದೆ. ಮದುವೆ ಮನೆಯಲ್ಲಿ ಉಳಿದ ಅನ್ನ ತಿಂದ ಆಕಳು ಬಿದ್ದುಕೊಳ್ಳುವುದೂ ಇದೇ ಕಾರಣಕ್ಕೆ.

ಯಾವುದು ಎಷ್ಟು ತೂಕ ಬೇಕು? ಇದಕ್ಕೊಂದು ಚೌಕದ ಲೆಕ್ಕ ಇದೆ, ಶಾಲೆ ಮಕ್ಕಳೂ ಮಾಡಬಹುದು. ಭಾರತೀಯ ಮಾನಕ ಬ್ಯೂರೋ ಎರಡನೇ ದರ್ಜೆಯ ದನದ ದಾಣಿಗೆ ಕನಿಷ್ಠ 20 ಪಾಲು ಪ್ರೋಟೀನ್ ಇರಬೇಕು ಎನ್ನುತ್ತದೆ. ಚೌಕದ ನಡುವೆ 20 ಬರೆಯಿರಿ. ಎಡಗಡೆ ಮೇಲೆ ಜೋಳದ ಪ್ರೋಟೀನ್ ಪಾಲು 10, ಕೆಳಗೆ ಹಿಂಡಿಯ 40. ಈಗ ಓರೆಯಾಗಿ ಕಳೆಯಿರಿ. 40ರಲ್ಲಿ 20 ಕಳೆದರೆ 20, ಅದು ಜೋಳದ ಪಾಲು. 20ರಲ್ಲಿ 10 ಕಳೆದರೆ 10, ಅದು ಹಿಂಡಿಯ ಪಾಲು. ಎರಡು ಕಿಲೋ ನುಚ್ಚಿಗೆ ಒಂದು ಕಿಲೋ ಹಿಂಡಿ. ನನಗೆ ಈ ಚೌಕ ಬಹಳ ಇಷ್ಟ. ಶೇಂಗಾ ಹಿಂಡಿ ತುಟ್ಟಿಯಾಗಿ, 20ಕ್ಕಿಂತ ಜಾಸ್ತಿ ಪ್ರೋಟೀನ್ ಇರುವ ಬೇರೆ ಹಿಂಡಿ ತಂದರೂ, ಸುಮ್ನೆ ಒಂದು ಅಂಕಿ ಬದಲಿಸಿದರೆ ಆಯಿತು.

ತೂಗಿದ ಮೇಲೆ ಕಲಸುವುದು. ನಿಜವಾದ ಕಷ್ಟ ಇಲ್ಲಿದೆ. ನೂರು ಕಿಲೋ ದಾಣಿಗೆ ಖನಿಜ ಪುಡಿ ಎರಡು ಕಿಲೋ, ಉಪ್ಪು ಒಂದು ಕಿಲೋ. ಇಷ್ಟು ಸಣ್ಣ ಪಾಲನ್ನು ರಾಶಿ ಮೇಲೆ ಸುರಿದು ಸಲಿಕೆ ಆಡಿಸಿದರೆ ಒಂದು ದನಕ್ಕೆ ಬರೀ ಉಪ್ಪು, ಇನ್ನೊಂದಕ್ಕೆ ಏನೂ ಇಲ್ಲ. ಅದಕ್ಕೇ ಮೊದಲು ಆ ಮೂರು ಕಿಲೋವನ್ನು ಮೂರು ಕಿಲೋ ನುಚ್ಚಿನ ಜೊತೆ ಕಲಸಬೇಕು. ಅದನ್ನು ಆರು ಕಿಲೋ ಜೊತೆ, ಆಮೇಲೆ ಹನ್ನೆರಡರ ಜೊತೆ. ಹೀಗೆ ದುಪ್ಪಟ್ಟು ಮಾಡುತ್ತಾ ಹೋದರೆ ಐದಾರು ಹೆಜ್ಜೆಗೆ ನೂರು ಮುಟ್ಟುತ್ತದೆ. ದಾಣಿಗೆ ಯೂರಿಯಾ ಸೇರಿಸುವವರಿಗಂತೂ ಇದು ದನದ ಜೀವದ ಪ್ರಶ್ನೆ. ನೂರಕ್ಕೆ ಒಂದು ಪಾಲು ಮೀರಬಾರದು, ಒಂದೇ ಒಂದು ಗಂಟೂ ಉಳಿಯಬಾರದು, ಸಣ್ಣ ಕರುಗಳಿಗೆ ಕೊಡಲೇಬಾರದು.

ಕಲಸಿದ್ದು ಕಲಸಿದ ಹಾಗೇ ಇರುತ್ತದೆ ಅನ್ನುವಂತೆಯೂ ಇಲ್ಲ. ಶೇಂಗಾ ಚೀಲ ಬರಿದಾದಾಗ ತಳದಲ್ಲಿ ಮಣ್ಣು ಉಳಿದಿರುತ್ತದೆ, ನೋಡಿದ್ದೀರಲ್ಲ? ಚೀಲ ಕುಲುಕಿದಾಗಲೆಲ್ಲ ಸಣ್ಣ ಕಣ ದೊಡ್ಡ ಕಾಳಿನ ಸಂದಿಯಲ್ಲಿ ಕೆಳಗೆ ಜಾರುತ್ತದೆ. ಬೈಕಿನ ಮೇಲೆ ಹೊಲಕ್ಕೆ ಹೋಗುವ ದಾಣಿ ಚೀಲದಲ್ಲೂ ಖನಿಜ ಪುಡಿ ಹಾಗೇ ತಳ ಸೇರುತ್ತದೆ. ಸ್ವಲ್ಪ ಕಾಕಂಬಿ ಅಥವಾ ಬೆಲ್ಲದ ನೀರು ಚಿಮುಕಿಸಿದರೆ ಪುಡಿ ನುಚ್ಚಿಗೆ ಅಂಟಿಕೊಳ್ಳುತ್ತದೆ. ಅಂದಂದಿನ ದಾಣಿಗೆ ಮಾತ್ರ ಚಿಮುಕಿಸಿ, ಹಸಿ ಉಳಿದರೆ ಬೂಸ್ಟು ಬರುತ್ತದೆ.

ಸಲಿಕೆ ಸರಿಯಾಗಿ ಆಡಿದೆಯೇ ಎಂದು ನೋಡಲು ನಮ್ಮ ಕಲಬುರಗಿಯ ತೊಗರಿಯೇ ಸಾಕು. ಹತ್ತು ಕಿಲೋ ದಾಣಿಗೆ ಎಣಿಸಿ ನೂರು ತೊಗರಿ ಕಾಳು ಹಾಕಿದೆವು. ತಾಡಪತ್ರಿ ಮೇಲೆ ಎರಡು ಸಲ ಮಗುಚಿ, ಐದು ಕಡೆಯಿಂದ ಒಂದೊಂದು ಕಿಲೋ ತೆಗೆದು ಕಾಳು ಎಣಿಸಿದೆವು. ಚೆನ್ನಾಗಿ ಕಲೆತಿದ್ದರೆ ಕಿಲೋಗೆ ಹತ್ತರ ಆಸುಪಾಸು ಸಿಗಬೇಕು. ಸಿಕ್ಕಿದ್ದು 2, 24, 6, 11, 15. ಖನಿಜ ಪುಡಿ ತೊಗರಿಗಿಂತ ಎಷ್ಟೋ ಸಣ್ಣದು, ಹಾಗಾಗಿ ಈ ಪರೀಕ್ಷೆ ಸಲಿಕೆಯ ಕೆಲಸಕ್ಕೆ ಮಾತ್ರ. ತೆಗೆದದ್ದನ್ನೆಲ್ಲ ವಾಪಸ್ ಸುರಿದೆವು. ಗೌಂಡಿಗಳು ಸಿಮೆಂಟು ಉಸುಕು ಕಲಸುವ ಹಾಗೆ ರಾಶಿಯನ್ನು ಪೂರ್ತಿ ಈ ಕಡೆಯಿಂದ ಆ ಕಡೆಗೆ ಇನ್ನೂ ನಾಲ್ಕು ಸಲ ಎಳೆದೆವು. ಅವ್ವ ತಾನೇ ಕೂತು ಎಣಿಸಿದಳು: 9, 12, 8, 11, 13. ಆಮೇಲೇ ಚೀಲದ ಬಾಯಿ ಹಿಡಿ ಎಂದಳು.