ಪ್ಲೇಆಫ್ ಹತ್ತಿರ ಬಂದಾಗ ಚೆಂಡು ಯಾಕೆ ಕೈ ಜಾರುತ್ತದೆ?

ಟೆಕ್ಸಾಸ್‌ನಲ್ಲಿ ಹೈಸ್ಕೂಲ್ ಫುಟ್‌ಬಾಲ್ ಪ್ಲೇಆಫ್ ಶುರುವಾಗುವುದು ನವೆಂಬರ್‌ನಲ್ಲಿ. ಇದು ಅಮೆರಿಕನ್ ಫುಟ್‌ಬಾಲ್. ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಓಡುತ್ತಲೇ ಹಿಡಿಯುವವನು ರಿಸೀವರ್. ಸೀಸನ್ ಶುರುವಿನಲ್ಲಿ ಕಷ್ಟದ ಪಾಸ್‌ಗಳನ್ನೂ ಹಿಡಿಯುತ್ತಿದ್ದ ಹುಡುಗ ಈಗ ಎದೆಗೇ ಬಂದ ಚೆಂಡನ್ನು ಬಿಡುತ್ತಾನೆ. ಮನಸ್ಸು ಕುಗ್ಗಿ ನನ್ನ ಹತ್ತಿರ ಬರುತ್ತಾನೆ. ‘ನನ್ನ ಕೈಗೆ ಏನೋ ಆಗಿದೆ’ ಅನ್ನುತ್ತಾನೆ.

ಕೈಗೆ ಏನೂ ಆಗಿರುವುದಿಲ್ಲ. ವಿಡಿಯೋ ನಿಧಾನ ಮಾಡಿ ಅವನ ಹೆಲ್ಮೆಟ್ ಮಾತ್ರ ನೋಡಿ. ಚೆಂಡು ಬೆರಳಿಗೆ ತಾಗುವ ಮೊದಲೇ ಹೆಲ್ಮೆಟ್ ತಿರುಗಿರುತ್ತದೆ, ಯಾಕೆಂದರೆ ತಡೆಯಲು ಬರುವ ಡಿಫೆಂಡರ್ ಎಲ್ಲಿದ್ದಾನೆ, ಇನ್ನೆಷ್ಟು ಗಜ ಓಡಬಹುದು ಅಂತ ಅವನ ಕಣ್ಣು ಆಗಲೇ ಮುಂದೆ ಹೋಗಿರುತ್ತದೆ. ಕ್ರಿಕೆಟ್‌ನಲ್ಲಿ ರನ್‌ಔಟ್ ಆತುರಕ್ಕೆ ಚೆಂಡು ಕೈಗೆ ಬರುವ ಮೊದಲೇ ಸ್ಟಂಪ್ ನೋಡುತ್ತಾರಲ್ವಾ, ಹಾಗೇ.

ಒಂದೆರಡು ಬಿಟ್ಟ ಮೇಲೆ ಎರಡನೇ ತೊಂದರೆ ಶುರು. ಎದೆಗಿಂತ ಮೇಲೆ ಬಂದರೆ ಹೆಬ್ಬೆರಳು ಜೋಡಿಸು, ಸೊಂಟಕ್ಕಿಂತ ಕೆಳಗೆ ಬಂದರೆ ಕಿರುಬೆರಳು ಜೋಡಿಸು ಅಂತ ಕೋಚ್, ಅಪ್ಪ, ಗೆಳೆಯರು ಎಲ್ಲರೂ ಹೇಳುತ್ತಾರೆ. ಚಿಕ್ಕಂದಿನಿಂದ ಯೋಚಿಸದೆ ಮಾಡುತ್ತಿದ್ದ ಕೆಲಸವನ್ನು ಅವನೀಗ ಯೋಚಿಸಿ ಮಾಡುತ್ತಾನೆ. ಬೆರಳು ಬಿಗಿಯಾಗುತ್ತದೆ. ಬಿಗಿ ಬೆರಳಿಗೆ ತಾಗಿದ ಚೆಂಡು ಚಿಮ್ಮುತ್ತದೆ.

ಅದಕ್ಕೇ ಆ ವಾರ ನಾನು ಕೈ ಬಗ್ಗೆ ಮಾತೇ ಆಡುವುದಿಲ್ಲ. ಚೆಂಡಿನ ಮೇಲೆ ದೊಡ್ಡದಾಗಿ ಅಂಕಿ ಬರೆದು ಐದಾರು ಗಜದಿಂದ ಮೆಲ್ಲಗೆ ಎಸೆಯಿರಿ. ಅವನು ಅಂಕಿಯನ್ನು ಜೋರಾಗಿ ಹೇಳಲಿ, ಚೆಂಡು ಕಂಕುಳಿಗೆ ಸೇರುವವರೆಗೂ ಕಣ್ಣು ತೆಗೆಯದಿರಲಿ. ಪ್ರಾಕ್ಟೀಸ್ ಮುಗಿದ ಮೇಲೆ ಚೆಂಡು ಎಸೆಯುವ ಮೆಷಿನ್ ಮುಂದೆ ನಿಲ್ಲಿಸಿ ನೂರಾರು ಚೆಂಡು ಹಿಡಿಸುವುದು ಬೇಡ. ಸುಸ್ತಾದ ಕೈ ಇನ್ನೂ ಜಾಸ್ತಿ ಬಿಡುತ್ತದೆ, ಅವನು ಲೆಕ್ಕ ಇಡುವುದು ಬಿಟ್ಟ ಚೆಂಡುಗಳನ್ನೇ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಹೆಸರಾಂತ ರಿಸೀವರ್ ಜೆರಿ ರೈಸ್ ಹೆಸರು ಹೇಳಿದರೆ ಈ ಹುಡುಗರ ಮುಖ ಅರಳುತ್ತದೆ. 1985ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ತಂಡಕ್ಕೆ ಸೇರಿದ ತಮ್ಮ ಮೊದಲ ಸೀಸನ್‌ನಲ್ಲಿ, ಅವರೂ ಪಾಸ್ ಬಿಟ್ಟು ತವರಿನ ಪ್ರೇಕ್ಷಕರಿಂದಲೇ ಛೀ ಅಂತ ಕೂಗಿಸಿಕೊಂಡಿದ್ದರು. ಮರುವರ್ಷ ಪಾಸ್ ಹಿಡಿದು ಗಳಿಸಿದ 1,570 ಗಜಗಳೊಂದಿಗೆ ಇಡೀ ಲೀಗ್‌ಗೇ ಮೊದಲಿಗರಾದರು.

ಕೋಚ್‌ಗಳಲ್ಲಿ ನನ್ನದೊಂದು ಕೋರಿಕೆ. ಪಂದ್ಯದ ಮೊದಲ ಡ್ರೈವ್‌ನಲ್ಲೇ, ಅಂದರೆ ಚೆಂಡು ನಿಮ್ಮ ತಂಡದ ಕೈಗೆ ಬಂದ ಮೊದಲ ಸರದಿಯಲ್ಲೇ, ಅವನಿಗೆ ಒಂದು ಚಿಕ್ಕ ಪಾಸ್ ಕೊಡಿ. ಬಿಟ್ಟರೂ ಬೆಂಚಿಗೆ ಕರೆಯಬೇಡಿ, ಸ್ವಲ್ಪ ಹೊತ್ತಿಗೇ ಇನ್ನೊಂದು ಕೊಡಿ.